ತೋಟದ ತೊಟ್ಟಿ, ಆರನೇ ಕಂತು: ಹೀಟರ್ ಕೂತಿತು, ಉಪ್ಪೂ ಬಿತ್ತು

ಜನವರಿ 4

ಹೊಸ ಹೀಟರ್ ಬಂತು. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ತೋಟ. ಅಲ್ಲಿನ ಹಳೇ ನೀರಿನ ತೊಟ್ಟಿಯನ್ನು ಅಪ್ಪನ ಮಂಡಿನೋವಿಗೆಂದು ಈಜುಕೊಳ ಮಾಡುತ್ತಿದ್ದೇನೆ. 6 ಮೀಟರ್ ಉದ್ದ, 3 ಅಗಲ, 1.2 ಆಳ. ಅಂದರೆ 21,600 ಲೀಟರ್ ನೀರು.

ನೀರು ಶುದ್ಧವಾಗಿರಲು ಈ ಸಲ ಕ್ಲೋರಿನ್ ಸೆಲ್ ಹಾಕಿಸುತ್ತಿದ್ದೇನೆ; ನೀರಿಗೆ ಉಪ್ಪು ಹಾಕಿದರೆ ಅದರಿಂದಲೇ ಕರೆಂಟಿನಲ್ಲಿ ಕ್ಲೋರಿನ್ ತಯಾರಿಸುವ ಸಾಧನ. ಉಪ್ಪಿನ ಚೀಲ ನೋಡಿದ ಕೂಡಲೇ ಪ್ಲಂಬರ್ ತಕರಾರು ತೆಗೆದ. "ಅಣ್ಣ, ಉಪ್ಪುನೀರು ಹೀಟರ್‌ನ ತಿಂದ್ಹಾಕುತ್ತೆ. ಎರಡರಲ್ಲಿ ಒಂದು ಇಟ್ಕೊಳ್ಳಿ."

ನನ್ನ ಉತ್ತರ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಹೋದ ವರ್ಷದ ಹೀಟರ್. ತಾಮ್ರದ ಕಾಯಿಲ್, ಒಂದೇ ಚಳಿಗಾಲಕ್ಕೆ ತೂತು. ಆಗ ತೊಟ್ಟಿಗೆ ಚಿಟಿಕೆ ಉಪ್ಪೂ ಹಾಕಿರಲಿಲ್ಲ! ಕ್ಲೋರಿನ್ ಮಾತ್ರೆಗಳನ್ನು ಸ್ಕಿಮ್ಮರ್ (ಮೇಲೆ ತೇಲುವ ಕಸ ಹಿಡಿದು ನೀರನ್ನು ಪಂಪಿಗೆ ಕಳಿಸುವ ಬಾಯಿ) ಒಳಗೆ ಇಟ್ಟಿದ್ದೆ, ಅಷ್ಟೇ. ಅವು ಟ್ರೈಕ್ಲೋರ್ ಎಂಬ ಬಗೆಯವು; ಕರಗಿದ ನೀರಿನ ಪಿಎಚ್ (7ಕ್ಕಿಂತ ಇಳಿದಷ್ಟೂ ಹುಳಿ) 3ರ ಆಸುಪಾಸು ಇರುತ್ತದೆ. ರಾತ್ರಿ ಪಂಪ್ ನಿಂತಾಗ ಆ ಹುಳಿನೀರು ಅಲ್ಲೇ ನಿಂತು, ಬೆಳಿಗ್ಗೆ ಸ್ವಿಚ್ ಹಾಕಿದರೆ ಸೀದಾ ಹೀಟರ್‌ಗೆ ನುಗ್ಗುತ್ತಿತ್ತು. ಟೈಲ್ಸ್ ಮೇಲೆ ಹಸಿರು-ನೀಲಿ ಕಲೆ ಬಿದ್ದಾಗ ಪಾಚಿ ಅಂದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಅದು ನಮ್ಮ ಕಾಯಿಲ್‌ನ ತಾಮ್ರ.

ಹಾಗಂತ ಉಪ್ಪು ಸಾಧುವೇನಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಇದ್ದರೆ ಇಲ್ಲಿ ಬೇಕಾದ್ದು 3ರಿಂದ 4 ಗ್ರಾಂ, ಕಣ್ಣೀರಿಗಿಂತ ಕಡಿಮೆ. ಆದರೂ ಕೆಲವು ಲೋಹಗಳಿಗೆ ಅಷ್ಟೇ ಸಾಕು. ಅದಕ್ಕೇ ಈ ಸಲ ಟೈಟಾನಿಯಂ ಕಾಯಿಲ್ ಇರುವ ಹೀಟ್ ಪಂಪ್. ದುಡ್ಡು ಜಾಸ್ತಿ ಆಯಿತು, ಮನೆಯಲ್ಲಿ ಲೆಕ್ಕ ಇನ್ನೂ ಕೊಟ್ಟಿಲ್ಲ.

ಜನವರಿ 6

ಪ್ಲಂಬರ್ ಜಾಗ ಸಿಕ್ಕಲ್ಲಿ ಕೂರಿಸಿಬಿಟ್ಟಿದ್ದಾನೆ: ಕ್ಲೋರಿನ್ ಸೆಲ್ ಮೊದಲು, ಹೀಟರ್ ಆಮೇಲೆ. ಕೊಯ್ದು ಬಿಚ್ಚಿಸಿದೆ. ಪಂಪ್, ಫಿಲ್ಟರ್, ಹೀಟರ್, ಕೊನೆಗೆ ಸೆಲ್; ಇದೇ ಕ್ರಮ. ಸೆಲ್‌ನಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಗಾಢವಾಗಿರುತ್ತದೆ, ಅದು ಹೀಟರ್ ಮುಟ್ಟಬಾರದು. ಪಂಪ್ ನಿಂತಾಗ ಹಿಂದಕ್ಕೆ ಸರಿಯದಂತೆ ಇವೆರಡರ ನಡುವೆ ಒಂದು ಚೆಕ್ ವಾಲ್ವ್ ಕೂಡ ಹಾಕಿಸಿದೆ. ಎರಡು ಎಲ್ಬೋ, ಅರ್ಧ ದಿನ, ಒಂದಿಷ್ಟು ಮುನಿಸು.

ಜನವರಿ 9

70 ಕೆ.ಜಿ. ಉಪ್ಪು. ಅಯೋಡಿನ್ ಇಲ್ಲದ್ದು. ಪೂರ್ತಿ ಕರಗುವವರೆಗೆ ಸೆಲ್ ಆಫ್. ತಮ್ಮ ನೀರಿಗಿಳಿದು ಪೊರಕೆಯಲ್ಲಿ ಕದಡಿದ.

ಜನವರಿ 15

ಸಂಕ್ರಾಂತಿಗೆ ಅಪ್ಪ ನೀರಿಗಿಳಿದರು. 22 ಡಿಗ್ರಿಯಿಂದ 28ಕ್ಕೆ ಏರಿಸಿದೆ. ಇಷ್ಟು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 25 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಗಾಳಿಯ ಶಾಖ ಎಳೆದುಕೊಳ್ಳುವುದರಿಂದ ಕರೆಂಟು ಅದರ ಐದನೇ ಒಂದು ಭಾಗ, ಅಂದರೆ ಆರು ಡಿಗ್ರಿಗೆ 30 ಯೂನಿಟ್ ಅಂದುಕೊಂಡಿದ್ದೆ. ಮೀಟರ್ ತೋರಿಸಿದ್ದು 41. ನಮ್ಮ ದುರ್ಗದ ಗಾಳಿ ಅಂದರೆ ಸುಮ್ನೆ ಅಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಲ್ವಾ? ರಾತ್ರಿಯೆಲ್ಲ ಬೀಸಿ ಎರಡು ಡಿಗ್ರಿ ಹೊತ್ತೊಯ್ದಿತ್ತು. ಮಾರನೇ ದಿನದಿಂದ ಕವರ್ ಹೊದಿಸಿದೆ. ಈಗ ಒಂದು ಡಿಗ್ರಿಯೂ ಇಳಿಯುವುದಿಲ್ಲ.

ಜನವರಿ 26

ಈಗಿನ ಕಾಟ ಉಲ್ಟಾ. ಸೆಲ್ ಓಡಿದಷ್ಟೂ ಪಿಎಚ್ ಏರುತ್ತದೆ: ನಾಲ್ಕು ದಿನಕ್ಕೆ 7.4 ಇದ್ದದ್ದು 7.9. ನಮ್ಮದು ಗಡಸು ಬೋರ್‌ವೆಲ್ ನೀರು. ಪಿಎಚ್ ಏರಿ, ಜೊತೆಗೆ ಬಿಸಿಯೂ ಆದರೆ ಸುಣ್ಣ ಕಟ್ಟುತ್ತದೆ. ಸೆಲ್ ಪ್ಲೇಟುಗಳ ಮೇಲೆ ಆಗಲೇ ಬಿಳಿ ಪೊರೆ ಕಾಣುತ್ತಿದೆ. ಹೀಟರ್ ಒಳಗೂ ಕಟ್ಟಿದರೆ ಟೈಟಾನಿಯಂ ಇದ್ದೂ ಪ್ರಯೋಜನವಿಲ್ಲ. ಪಂಪ್ ಓಡುವಾಗ ಆಸಿಡ್ ಅನ್ನು ಸ್ವಲ್ಪ ಸ್ವಲ್ಪವಾಗಿ ನೇರ ಕೊಳಕ್ಕೇ, ನೀರು ಒಳಬರುವ ಕಡೆ ಹಾಕುತ್ತಿದ್ದೇನೆ. ಸ್ಕಿಮ್ಮರ್‌ಗೆ ಇನ್ನು ಯಾವತ್ತೂ ಇಲ್ಲ.

ಏಣಿಯ ತಿರುಪುಗಳು ತುಕ್ಕು ಹಿಡಿದಿವೆ. 304 ದರ್ಜೆಯ ಸ್ಟೀಲ್ ಹಾಕಿದ್ದು ನನ್ನದೇ ಜಿಪುಣತನ, 316 ತರಬೇಕು.

ಇವತ್ತು ಇನ್ನೊಂದು ಎಡವಟ್ಟು. ಫಿಲ್ಟರ್ ತೊಳೆದ ಉಪ್ಪುನೀರು ಅಡಿಕೆ ಸಾಲಿಗೆ ಹರಿಯುತ್ತಿತ್ತು. ಅಪ್ಪ ಮಂಡಿನೋವನ್ನೂ ಮರೆತು ನೀರಿನಿಂದ ಎದ್ದು ಬಂದು ಬೈದರು. ನಾಳೆ ಬೆಳಿಗ್ಗೆ ಮೊದಲ ಕೆಲಸ ಆ ಪೈಪು ತಿರುಗಿಸುವುದು.