ಮಳೆಗೂ ಮೊದಲು ಮುರುಗಲು

"ರೋಹಿಣಿ ಮಳೆ ಈ ಸಲ ಜೋರಾಗಿಯೇ ಹಿಡಿಯುವ ಹಾಗಿದೆ. ಮುರುಗಲು ಹಣ್ಣಾಗಿ ಉದುರುತ್ತಿದೆ. ಬರುವುದಾದರೆ ನಾಳೆಯೇ ಬಾ" ಎಂದು ಚಿಕ್ಕಿ ಫೋನ್ ಮಾಡಿದ್ದು ಮೇ ತಿಂಗಳ ಕೊನೆಯ ವಾರ. ಅವಳ ಮನೆ ಶಿರಸಿ–ಕುಮಟಾ ರಸ್ತೆಯಿಂದ ಎಡಕ್ಕೆ ಇಳಿದರೆ ಸಿಗುವ ಕಣಿವೆಯಲ್ಲಿದೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಬೆಟ್ಟ ಕಾಡಾಗುವ ಅಂಚಿನಲ್ಲಿ ನಾಲ್ಕು ಮುರುಗಲು (ಕೋಕಂ) ಮರಗಳಿವೆ. ಯಾರೂ ನೆಟ್ಟವಲ್ಲ.

ಕಾರವಾರದ ಕಡೆ ಕೊಂಕಣಿ ಮನೆಗಳಲ್ಲಿ ಇದೇ ಹಣ್ಣಿಗೆ ಭಿರಂಡ ಎನ್ನುತ್ತಾರೆ. ಸಿಪ್ಪೆಯ ರಸಕ್ಕೆ ತೆಂಗಿನ ಹಾಲು ಬೆರೆಸಿ ಸೋಲ್ ಕಢಿ ಮಾಡುತ್ತಾರೆ. ಘಟ್ಟದ ಮೇಲಿನ ನನಗೆ ಮುರುಗಲು ಎಂದರೆ ಮೊದಲು ನೆನಪಾಗುವುದು ಪಾನಕ.

ಬೆಳಿಗ್ಗೆ ಬುಟ್ಟಿಯ ಜೊತೆಗೆ ನಾನು ದೋಟಿಯನ್ನೂ ಹೆಗಲಿಗೇರಿಸಿಕೊಂಡೆ. "ದೋಟಿ ಯಾಕೆ? ಬಿದ್ದದ್ದನ್ನು ಹೆಕ್ಕಿದರೆ ಆಯಿತಲ್ಲ" ಎಂದಳು ಚಿಕ್ಕಿ. ಮರದ ಬುಡದಲ್ಲಿ ತರಗೆಲೆಯ ನಡುವೆ ಕಪ್ಪುಗೆಂಪು ಹಣ್ಣುಗಳು ಚೆಲ್ಲಿದ್ದವು. ಅವಳು ಒಂದೊಂದನ್ನೇ ತಿರುಗಿಸಿ ನೋಡಿ, ಒಡೆದದ್ದನ್ನು, ಹುಳ ಕೊರೆದದ್ದನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಬುಟ್ಟಿಗೆ ಹಾಕುತ್ತಿದ್ದಳು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಹೀಗೆ ಹೆಕ್ಕುತ್ತಾ ಕುಳಿತರೆ ಬುಟ್ಟಿ ತುಂಬುವುದು ಯಾವಾಗ ಎನ್ನಿಸಿ, ಅವಳು ಆಚೆ ಮರಕ್ಕೆ ಹೋದಾಗ ದೋಟಿಯಿಂದ ಒಂದು ಟೊಂಗೆ ಹಿಡಿದು ಅಲುಗಾಡಿಸಿದೆ. ಹಣ್ಣಿನ ಜೊತೆ ಚಗಳಿ ಇರುವೆಯ ಗೂಡೂ ಹರಿದು ಮೈಮೇಲೆ ಬಿತ್ತು.

ಚಿಕ್ಕಿ ಬೈಯಲಿಲ್ಲ. ನಾನು ಉದುರಿಸಿದ್ದರಲ್ಲಿ ಒಂದನ್ನು, ತಾನು ಹೆಕ್ಕಿದ್ದರಲ್ಲಿ ಒಂದನ್ನು ಬೆರಳಿನಿಂದ ಸೀಳಿ ಎರಡೂ ಅಂಗೈಯಲ್ಲಿ ಹಿಡಿದು ತೋರಿಸಿದಳು. ನನ್ನದರ ಒಳಗು ಪೇಲವ. ಅವಳದರ ರಸ ಬೆರಳುಗಳ ಸಂದಿಯಲ್ಲಿ ಇಳಿದು ಮಣಿಕಟ್ಟಿನವರೆಗೆ ಕೆಂಪು ಎಳೆ ಎಳೆದಿತ್ತು. "ಇದಕ್ಕೆ ಹುಳಿ ಮಾತ್ರ ಬಂದಿದೆ, ಬಣ್ಣ ಬಂದಿಲ್ಲ. ಭರಣಿಗೆ ಬೇಡ, ಒಣಗಿಸಿ ಸಾರಿಗೆ ಇಟ್ಟುಕೊಳ್ಳೋಣ" ಎಂದಳು. ನಾಲ್ಕು ದಿನ ಕಾದಿದ್ದರೆ ತಾನಾಗಿಯೇ ಬೀಳುತ್ತಿದ್ದ ಹಣ್ಣುಗಳವು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಲ್ಕರಲ್ಲಿ ಒಂದು ಮರದ ಬುಡ ಬರಿದಾಗಿತ್ತು. ಅದು ಗಂಡು. ಮುರುಗಲಿನಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಗಂಡು ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಫಲವಿಲ್ಲದ ಮರವೆಂದು ಅದನ್ನು ಸೌದೆಗೆ ಕಡಿಯಲು ಹೊರಟಾಗ ಚಿಕ್ಕಿ ಬುಡದಲ್ಲಿ ನಿಂತು ತಡೆದಿದ್ದಳಂತೆ. ಬೀಜದಿಂದ ಎದ್ದ ಗಿಡ ಗಂಡೋ ಹೆಣ್ಣೋ ಎಂದು ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಕಡಿಯುವುದಕ್ಕೆ ಅರ್ಧ ಗಂಟೆ ಸಾಕು.

ಕಾಯುವ ತಾಳ್ಮೆ ಇಲ್ಲದ್ದರಿಂದಲೇ ಮುರುಗಲಿನ ಬಳಗದ ಇನ್ನೊಂದು ಕಾಡುಮರ ಉಪ್ಪಾಗೆಗೂ ಕಷ್ಟ ಬಂದಿದ್ದು. ಅದು ಹಣ್ಣಾಗುವುದು ಜಡಿಮಳೆಯಲ್ಲಿ. ಬೇರೆಯವರು ಕೊಯ್ದುಬಿಟ್ಟಾರು ಎಂಬ ಆತುರಕ್ಕೆ ಕಾಯನ್ನೇ ಬಡಿದು ಉದುರಿಸುವವರಿದ್ದಾರೆ. ಕಾಡಿನಲ್ಲಿ ಅದೇ ಹಣ್ಣಿಗೆ ಸಿಂಗಳೀಕಗಳೂ ಕಾದಿರುತ್ತವೆ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸಿಂಗಳೀಕಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೆ ಈ ಮಾತು ಊರಿನಲ್ಲಿ ಹೆಚ್ಚು ಕೇಳುತ್ತದೆ. ಚಿಕ್ಕಿ ಮಾತ್ರ ಮೊದಲಿನಿಂದಲೂ ಮೇಲಿನ ಟೊಂಗೆಯ ಹಣ್ಣಿನ ಆಸೆ ಮಾಡಿದವಳಲ್ಲ.

ಮಧ್ಯಾಹ್ನ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಣ್ಣನ್ನು ಎರಡು ಹೋಳು ಮಾಡಿದಳು. ಒಳಗಿನ ಬೀಜ ತಿರುಳನ್ನು ನಾನು ಬೇರೆ ಪಾತ್ರೆಗೆ ತೆಗೆದೆ. ಆ ಬೀಜ ತೊಳೆದು ಒಣಗಿದ ಮೇಲೆ ಕುಟ್ಟಿ ಕುದಿಸಿದರೆ ಮುರುಗಲ ತುಪ್ಪ ತೇಲುತ್ತದೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಸಾಲಾಗಿ ಭರಣಿಯಲ್ಲಿ ಜೋಡಿಸಿ, ಮೇಲೆ ಮತ್ತೆ ಸಕ್ಕರೆ. ತೂಕದಲ್ಲಿ ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು. ಚೀನಿ ಭರಣಿ ಅಥವಾ ಗಾಜು ಮಾತ್ರ. ಇಷ್ಟು ಹುಳಿಯನ್ನು ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳಲ್ಲಿ ಇಡಬಾರದು.

ಬಾಯಿಗೆ ತೆಳುಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಇಡಬೇಕಿತ್ತು. ಸಂಜೆಗೆ ಶುರುವಾದ ಮಳೆ ಮೂರು ದಿನ ಬಿಡಲಿಲ್ಲ. ಬಿಸಿಲು ಕಾಣದೆ, ಮೇಲೆ ತೇಲಿದ ಸಿಪ್ಪೆಗೆ ಬೂಷ್ಟು ಬಂದರೆ ಅಷ್ಟೂ ಹಾಳು. ಚಿಕ್ಕಿ ಭರಣಿಯನ್ನು ಬಚ್ಚಲ ಒಲೆಯ ಪಕ್ಕದ ಕಟ್ಟೆಗೆ ಒಯ್ದಳು. ಬೆಂಕಿ ತಾಗಬಾರದು, ಬಿಸಿ ತಾಗಬೇಕು. ದಿನಕ್ಕೆರಡು ಬಾರಿ ಒಣಗಿದ ಮರದ ಸೌಟಿನಿಂದ ಮೇಲಿನ ಸಿಪ್ಪೆ ಅಡಿಗೆ ಹೋಗುವಂತೆ ತಿರುವಿದಳು. ಹಿಂದಿನ ರಾತ್ರಿ ಬಿಳಿಯಾಗಿದ್ದ ಸಕ್ಕರೆ ಬೆಳಗಾಗುವಾಗ ಗುಲಾಬಿ, ಮರುದಿನಕ್ಕೆ ಕೆಂಪು. ನಾನು ಹೊರಡುವುದನ್ನು ಮುಂದೂಡುತ್ತಲೇ ಹೋದೆ.

ಎಂಟನೆಯ ದಿನ ಸೌಟಿನ ತುದಿಯಿಂದ ಇಳಿದದ್ದು ದಪ್ಪ ಕಡುಗೆಂಪು ರಸ. ಸ್ಟೀಲ್ ಲೋಟಕ್ಕೆ ಎರಡು ಚಮಚ ಹಾಕಿ, ಬಾವಿಯ ನೀರು ಬೆರೆಸಿ, ಜೀರಿಗೆ ಪುಡಿ, ಚಿಟಿಕೆ ಉಪ್ಪು ಸೇರಿಸಿ ಕೊಟ್ಟಳು. ಹುಳಿ ಮೊದಲು ನಾಲಿಗೆಯ ಅಂಚಿಗೆ, ಆಮೇಲೆ ಸಿಹಿ, ಕೊನೆಗೆ ಆ ಬೆಟ್ಟದ ತರಗೆಲೆಯಲ್ಲಿ ಮೂಗಿಗೆ ಬಡಿದಿದ್ದ ಅದೇ ಪರಿಮಳ. ನಾನು ಒಂದೇ ಉಸಿರಿಗೆ ಕುಡಿದೆ.

ಚಿಕ್ಕಿ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ರುಚಿ ನೋಡಿದಳು. "ಇನ್ನೆರಡು ದಿನ ಇರಲಿ" ಎಂದು ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು.