ಕಾಲು ನೆಲಕ್ಕೆ ತಾಗ್ತದಾ?

ತಾಗುತ್ತದೆ. ನನ್ನ ಬೈಕಿನ ಮೇಲೆ ಕೂತು ಒಂದು ಕಾಲು ಊರಿದರೆ ಪೂರ್ತಿ ಪಾದ, ಎರಡೂ ಊರಿದರೆ ಬೆರಳ ತುದಿ ಮಾತ್ರ. ಇನ್ನು ದಯವಿಟ್ಟು ಕೇಳಬೇಡಿ.

ನಮ್ಮ ಕಾಸರಗೋಡು ಕಡೆಯ ಕುಂಬಳೆಯ ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ, ಬದಿಯಡ್ಕ ಪೇಟೆಯಲ್ಲಿ ಕೇಳಿದ್ದಾರೆ, ಮದುವೆ ಊಟಕ್ಕೆ ಕೂತಾಗ ಎದುರು ಪಂಕ್ತಿಯಿಂದ ಕೂಗಿ ಕೇಳಿದ್ದಾರೆ. "ಟೀಚರೇ, ಕಾಲು ನೆಲಕ್ಕೆ ತಾಗ್ತದಾ?" ಮಲಯಾಳದಲ್ಲಿ "ಕಾಲ್ ಎತ್ತುಮೋ?", ಹವ್ಯಕರ ಮನೆಯಲ್ಲಿ "ಕಾಲು ನೆಲಕ್ಕೆ ಎತ್ತುತ್ತೋ?" ಎರಡರಲ್ಲೂ ಎತ್ತುವುದು ಎಂದರೆ ತಲುಪುವುದು. ಭಾಷೆ ಯಾವುದಾದರೂ ಕಣ್ಣು ಹೋಗುವ ದಾರಿ ಒಂದೇ: ಮೊದಲು ಸೀಟು, ಆಮೇಲೆ ನನ್ನ ಚಪ್ಪಲಿ. ಉತ್ತರ ತಮಗೆ ಗೊತ್ತಿದೆ, ನನ್ನ ಬಾಯಿಂದ ಬರಲಿ ಎಂಬಂತೆ ಕಾಯುತ್ತಾರೆ. ನನಗೆ ಸಿಟ್ಟು ಬರುವುದು ಆ ಕಾಯುವಿಕೆಗೆ.

ಬೈಕು ಸುಜುಕಿ ವಿ-ಸ್ಟ್ರಾಮ್ 650 ಎಕ್ಸ್‌ಟಿ. ಸೀಟಿನ ಎತ್ತರ 835 ಮಿಲಿಮೀಟರ್, ತೂಕ 216 ಕಿಲೋ. ನಾನು ಐದಡಿ ಮೂರಿಂಚು. ಲೆಕ್ಕ ಹಾಕುವವರು ಇಷ್ಟಕ್ಕೇ ನಿಲ್ಲುತ್ತಾರೆ. ಎತ್ತರದಷ್ಟೇ ಮುಖ್ಯ ಅಗಲ. ಇದರದ್ದು ವಿ-ಟ್ವಿನ್ ಎಂಜಿನ್, ಎರಡು ಸಿಲಿಂಡರು ಅಕ್ಕಪಕ್ಕ ಇಲ್ಲ, ಹಿಂದೆ ಮುಂದೆ ಇವೆ. ಹಾಗಾಗಿ ಟ್ಯಾಂಕಿನ ಬುಡದಲ್ಲಿ ಬೈಕಿನ ನಡು ಸಪೂರ, ಕಾಲು ಅಗಲಿಸದೆ ನೇರ ಕೆಳಗಿಳಿಯುತ್ತದೆ. ನಾವು ಕೂತ ಭಾರಕ್ಕೆ ಸಸ್ಪೆನ್ಶನ್, ಎಂದರೆ ಹೊಂಡದ ಪೆಟ್ಟು ತಡೆಯುವ ಸ್ಪ್ರಿಂಗು, ಒಂದಿಷ್ಟು ತಗ್ಗುತ್ತದೆ. ಕಂಪನಿಯೇ ಮಾಡುವ ತಗ್ಗಿನ ಸೀಟು ಹಾಕಿದರೆ 20 ಮಿಲಿಮೀಟರ್ ಇನ್ನೂ ಇಳಿಯುತ್ತದೆ, ನಾನು ಹಾಕಿಸಿಲ್ಲ. ರಾಯಲ್ ಎನ್‌ಫೀಲ್ಡಿನ ಹಳೆಯ ಬೈಕು ಹಿಮಾಲಯನ್ 411ರ ಸೀಟು 800 ಮಾತ್ರ, ಅದನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎನ್ನುತ್ತಾರೆ. ಒಳ್ಳೆಯ ಬೈಕು, ಓಡಿಸಿದ್ದೇನೆ. ಆದರೆ ಹೆದ್ದಾರಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಲಾರಿ ದಾಟುವಾಗ ಎಂಜಿನ್ ಏದುಸಿರು ಬಿಡಬಾರದು. ನನಗೆ ಬೇಕಾದದ್ದು ಅದು.

ಕೊಳ್ಳಲು ಹೋದ ದಿನ ಶೋರೂಮಿನ ಹುಡುಗ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅಣ್ಣನ ಮುಖ ನೋಡಿ ಉತ್ತರಿಸಿದ. ಅಣ್ಣನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಅವನ ಕಾಲು ತಾಗುತ್ತದೆ, ಅಷ್ಟೆ.

ಇನ್ನು ಬಿದ್ದ ಕಥೆ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿರುವುದರಿಂದ ನಾನೇ ಹೇಳುತ್ತೇನೆ.

ಜುಲೈ ತಿಂಗಳು, ಚೆರ್ಕಳ–ಜಾಲ್ಸೂರು ರಸ್ತೆ, ಮುಳ್ಳೇರಿಯಾದ ಈಚೆ. ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನಾನು ಎಡಕ್ಕೆ ಸರಿದು ಡಾಂಬರಿನ ಅಂಚಿನಲ್ಲಿ ನಿಲ್ಲಿಸಿ ಎಡಗಾಲು ಇಳಿಸಿದೆ. ಕಾಲು ಇಳಿಯಿತು, ನೆಲ ಸಿಗಲಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೇರಿತ್ತು, ಬದಿಯ ಕೆಂಪು ಮಣ್ಣು ಮಳೆಗೆ ಕೊಚ್ಚಿಹೋಗಿತ್ತು. ಮಧ್ಯೆ ಮುಕ್ಕಾಲು ಗೇಣಿನ ಅಂತರ. ಎಂದರೆ ಆ ಜಾಗದಲ್ಲಿ ನನ್ನ ಸೀಟಿನ ಎತ್ತರ 835 ಅಲ್ಲ, ಹತ್ತಿರ ಹತ್ತಿರ ಸಾವಿರ. ಆರಡಿ ಆಳೂ ಅಲ್ಲಿ ಬೀಳುತ್ತಿದ್ದ. ಬೈಕು ನಿಧಾನವಾಗಿ ಎಡಕ್ಕೆ ವಾಲಿತು, ತಡೆಯಲು ಹೋಗದೆ ಬಿಟ್ಟು ಆಚೆ ಹಾರಿಕೊಂಡೆ.

ಬಸ್‌ಸ್ಟಾಪಿನಿಂದ ನಾಲ್ಕೈದು ಜನ ಕೊಡೆ ಹಿಡಿದು ಓಡಿ ಬಂದರು. ಒಬ್ಬರು, ಒಳ್ಳೆಯವರೇ, ಮೊದಲು ಹೇಳಿದ ಮಾತು: "ಕಾಲು ತಾಗುವುದಿಲ್ಲ ಅಲ್ವಾ ಟೀಚರೇ?" ಪೆಟ್ಟಾಯಿತಾ ಎಂದು ಆಮೇಲೆ ಕೇಳಿದರು.

ಅಷ್ಟರಲ್ಲಿ ನಾನು ಬೈಕಿಗೆ ಬೆನ್ನು ಕೊಟ್ಟಾಗಿತ್ತು. ಎತ್ತುವುದು ಹೀಗೆ. ಎಂಜಿನ್ ಆಫ್ ಮಾಡಿ, ಗೇರ್ ಒಂದರಲ್ಲಿರಲಿ, ಉರುಳಬಾರದು. ಹ್ಯಾಂಡಲನ್ನು ಬಿದ್ದ ಬದಿಗೆ ಪೂರ್ತಿ ತಿರುಗಿಸಿ. ಸೀಟಿನ ಅಂಚಿಗೆ ಸೊಂಟ ಆನಿಸಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ನೂಕಬೇಕು. ಕೆಲಸ ಮಾಡುವುದು ತೊಡೆ, ತೋಳಲ್ಲ. ಮನೆಯಲ್ಲಿ ಅಡಿಕೆ ಒಣಹಾಕುವ ಅಂಗಳದಲ್ಲಿ ಗೋಣಿಯೊಳಗೆ ತೆಂಗಿನ ಸಿಪ್ಪೆ ತುಂಬಿಸಿ, ಅದರ ಮೇಲೆ ಬೈಕನ್ನು ಮಲಗಿಸಿ ಮಲಗಿಸಿ ಕಲಿತದ್ದು. ಅಂದು ಕಾಲು ಜಾರುವ ಕೆಸರು, ಇಬ್ಬರು ಕೈ ಕೊಟ್ಟರು. ಅವರ ಉಪಕಾರ ಮರೆಯುವುದಿಲ್ಲ.

ಆ ದಿನದಿಂದ ನಿಲ್ಲುವ ಮೊದಲೇ ನೆಲ ನೋಡುತ್ತೇನೆ. ಕಾಲಿಡುವ ಜಾಗ ಆರಿಸಿಕೊಂಡು ಆಮೇಲೆ ನಿಲ್ಲಿಸುತ್ತೇನೆ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ. ಏರಿನಲ್ಲಿ ಕ್ಲಚ್ ಬಿಡುವಾಗ ಎಂಜಿನ್ ತಾನೇ ಸ್ವಲ್ಪ ವೇಗ ಏರಿಸಿಕೊಂಡು ಆಫ್ ಆಗದಂತೆ ನೋಡಿಕೊಳ್ಳುತ್ತದೆ. ಅದು ಕಂಪನಿ ಕೊಟ್ಟ ಏರ್ಪಾಡು; ನನ್ನಂಥವರಿಗೆ ಎಲೆಕ್ಟ್ರಾನಿಕ್ಸ್‌ನಲ್ಲಿ ಅದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಮಣ್ಣಿನ ದಾರಿಗೆ ಇದು ಅಲ್ಲ ಎಂದು ಬೈಕ್ ಬಲ್ಲವರು ಹೇಳುತ್ತಾರೆ. ನಿಜ. ಮುಂದಿನ ಚಕ್ರ 19 ಇಂಚಿನದು ಮಾತ್ರ, ಬೈಕಿನ ಹೊಟ್ಟೆ ನೆಲದಿಂದ 170 ಮಿಲಿಮೀಟರ್ ಎತ್ತರ ಅಷ್ಟೆ, ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಆಫ್ ಮಾಡಲು ಬರುವುದಿಲ್ಲ. ಮುಂದಿನ ಬ್ರೇಕನ್ನೂ ಗಟ್ಟಿಯಾಗಿ ಹಿಡಿಯಬೇಕು, ಅದು ನನ್ನದೇ ದೂರು. ಆದರೆ ನಮ್ಮಲ್ಲಿ ರಸ್ತೆ ಎನ್ನುವುದು ಡಾಂಬರೂ ಹೌದು, ಹೊಂಡವೂ ಹೌದು. ಅದಕ್ಕೆ ಬೇಕಾದದ್ದು ನೆಟ್ಟಗೆ ಕೂರುವ ಸೀಟು, ಅಗಲದ ಹ್ಯಾಂಡಲ್, ಹೊಂಡವನ್ನು ನುಂಗುವ ಸಸ್ಪೆನ್ಶನ್.

ನಿಂತಾಗಿನ ಹತ್ತು ಸೆಕೆಂಡಿನ ಬಗ್ಗೆ ಇಷ್ಟು ಜನ ಕೇಳುತ್ತಾರಲ್ಲ, ಕಾಲು ಮೇಲೆತ್ತಿದ ಮೇಲೆ ಹೇಗಿರುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ನಿಂತು ಹೇಳುತ್ತೇನೆ.

ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ಅಮ್ಮನನ್ನು ತಲಕಾವೇರಿಗೆ ಕರೆದುಕೊಂಡು ಹೋದೆ. ಬಂದಡ್ಕ, ಪಾಣತ್ತೂರು, ಕರಿಕೆ, ಆಮೇಲೆ ಭಾಗಮಂಡಲದವರೆಗೂ ಕಾಡಿನ ಇಕ್ಕಟ್ಟು ದಾರಿ. ಹೊರಡುವ ಮೊದಲು ಸೀಟಿನ ಕೆಳಗೆ ಬದಿಯಲ್ಲಿರುವ ಗುಬುಟನ್ನು ಕೈಯಲ್ಲೇ ತಿರುಗಿಸಿ, ಇಬ್ಬರ ಭಾರಕ್ಕೆಂದು ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದೆ. ಬೈಕನ್ನು ಜಗಲಿಗೆ ತಾಗಿಸಿ ನಿಲ್ಲಿಸಿದೆ, ಅಮ್ಮ ಜಗಲಿಯಿಂದಲೇ ಕಾಲು ಹಾಕಿ ಕೂತರು. ಕರಿಕೆ ದಾಟಿದ ಮೇಲೆ ತಿರುವಿನ ಹಿಂದೆ ತಿರುವು. ಮೂರನೇ ಗೇರಿನಲ್ಲಿ ಎಂಜಿನ್ ಗೊಣಗದೆ ಎಳೆಯುತ್ತಿತ್ತು. ಹೊಂಡ ಬಂದಾಗ ಚಕ್ರ ಇಳಿದು ಏರುವುದು ಕೈಗೆ ಗೊತ್ತಾಗುತ್ತಿತ್ತು, ಬೆನ್ನಿಗೆ ಇಲ್ಲ. ಮರದ ಸಂದಿನ ಮಂಜು ಹೆಲ್ಮೆಟಿನ ಗಾಜಿಗೆ ಕೂರುತ್ತಿತ್ತು, ಎಡಗೈಯಲ್ಲಿ ಒರೆಸುತ್ತಿದ್ದೆ. ಹೊರಡುವಾಗ ನನ್ನ ಭುಜವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಅಮ್ಮ ಯಾವಾಗ ಕೈ ಸಡಿಲಿಸಿದರೋ ಗೊತ್ತಾಗಲಿಲ್ಲ.

ಒಂದು ಹೊಳೆಯ ಬಳಿ ಕಾಲಿಡಲು ಸಮತಟ್ಟು ಜಾಗ ನೋಡಿ ನಿಲ್ಲಿಸಿ, "ಅಮ್ಮಾ, ಸ್ವಲ್ಪ ಇಳಿದು ಕಾಲು ನೀಡಿಕೊಳ್ತೀಯಾ?" ಎಂದೆ.

"ಈಗ ಯಾಕೆ?" ಎಂದರು. "ಹೋಗು."