ವೈಫೈ ಹೆಸರೇನು ಅಂತ ಕೇಳಿದರೆ

ಹೊಸ ಪ್ರಿಂಟರ್ ಜೋಡಿಸಲು ಕೂತವರಿಗೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದೇ ಅಲ್ವಾ? ಪಾಸ್‌ವರ್ಡ್ ಬಾಯಿಪಾಠ ಇರುತ್ತದೆ, ಹೆಸರು ಮಾತ್ರ ನೆನಪಾಗುವುದಿಲ್ಲ. ವಿಂಡೋಸ್ ಆದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿರುವ ವೈಫೈ ಗುರುತು ಒತ್ತಿ ಪಟ್ಟಿ ತೆರೆಯಿರಿ, ಅಕ್ಕಪಕ್ಕದವರ ಹೆಸರುಗಳ ನಡುವೆ ಕನೆಕ್ಟೆಡ್ ಅಂತ ತೋರಿಸುವುದೇ ನಿಮ್ಮದು. ಮ್ಯಾಕ್‌ನಲ್ಲಿ ಅದೇ ಗುರುತು ಮೇಲ್ಗಡೆ ಇರುತ್ತದೆ. ಕಂಪ್ಯೂಟರ್ ಬರೀ ಕೇಬಲ್‌ನಲ್ಲಿ ಓಡುತ್ತಿದ್ದರೆ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಸುಮ್ನೆ ರೌಟರ್ ತಿರುಗಿಸಿ ನೋಡಿ, ಚೀಟಿಯಲ್ಲಿ ಎಸ್‌ಎಸ್‌ಐಡಿ ಅಂತ ಇರುವುದೇ ಹೆಸರು, ಆಮೇಲೆ ಯಾರೂ ಬದಲಾಯಿಸಿರದಿದ್ದರೆ.

ಹೆಸರನ್ನು ಕನ್ನಡದಲ್ಲೂ ಇಡಬಹುದು, ಆದರೆ ಜಾಗ ಕಡಿಮೆ. ಒಟ್ಟು ಮಿತಿ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದಲ್ಲಿ ಸಾಮಾನ್ಯವಾಗಿ ಅಕ್ಷರಕ್ಕೆ 3, ಅದರ ಕೊಂಬಿಗೆ ಇನ್ನೊಂದು 3, ಒತ್ತಕ್ಷರ ಬಂದರೆ ಒಂದೇ ಸಲಕ್ಕೆ 9 ಹೋಯಿತು.

ಹೆಸರು ಮರೆಮಾಡಿದರೆ ಕಳ್ಳರಿಗೆ ಸಿಗುವುದಿಲ್ಲ ಅಂತ ನಂಬಿದವರು ಜಾಸ್ತಿ. ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ, ಕಾಯುವುದು ಪಾಸ್‌ವರ್ಡ್. ಇನ್ನು ಕೆಲವರು ಪೂರ್ತಿ ಹೆಸರು, ಮನೆ ನಂಬರ್ ಎರಡನ್ನೂ ಅದರಲ್ಲೇ ಹಾಕಿ ಇಡೀ ಕಟ್ಟಡಕ್ಕೆ ಸಾರುತ್ತಾರೆ, ಅದ್ಯಾಕೋ!